ಪ್ರಸಾದಕ್ಕೆ ಒಂದು ತಾಸು

ನನ್ನ ಮೊಮ್ಮಗಳ ಎದೆ ಸರಿಯಾಗಿದೆ. ರಕ್ತವೂ ಹಿಡಿತದಲ್ಲಿದೆ. ಗುಳಿಗೆ ನಿಲ್ಲಿಸುವುದು ಬೇಡ, ಬದಲಿಸುವುದೂ ಬೇಡ, ಇದನ್ನೇ ಮುಂದುವರಿಸಿ ಎಂದು ಡಾಕ್ಟರಮ್ಮ ನಿನ್ನೆ ಮಧ್ಯಾಹ್ನ ಸಿಂಧನೂರಿನಲ್ಲಿ ನಮ್ಮೆದುರಿಗೇ ಹೇಳಿದರು. ಇದನ್ನು ಮೊದಲು ಬರೆದುಬಿಡಬೇಕು ಅನ್ನಿಸಿತು, ಬರೆದೆ. ಉಳಿದದ್ದನ್ನು ನಿಧಾನಕ್ಕೆ ಹೇಳುತ್ತೇನೆ.

ಒಮ್ಮೆ ಕೇಳಿದ್ದು ಸಾಲಲಿಲ್ಲ ನನಗೆ. "ಇನ್ನೊಮ್ಮೆ ಹೇಳ್ರೀ ತಾಯಿ" ಅಂದೆ. ಹೇಳಿದರು. ಮತ್ತೆ ಬಾಯಿ ತೆಗೆಯುವುದರೊಳಗೆ ಮೊಮ್ಮಗಳು ನನ್ನ ಅಂಗಿಯ ತೋಳು ಹಿಡಿದು ಜಗ್ಗಿದಳು. "ಸಾಕು ತಾತ, ಹೊರಗ ಮಂದಿ ಕಾಯಾಕತ್ತಾರ." ಹೊರಗೆ ಬಂದೆ. ಬೆಂಚಿನ ಮೇಲೆ ಯಾರೋ ಒಬ್ಬರು ತಮ್ಮ ಸರದಿಗೆ ಕೂತಿದ್ದರು. ಗುರುತಿಲ್ಲ, ಪರಿಚಯವಿಲ್ಲ. ಅವರ ಎರಡೂ ಕೈ ಹಿಡಿದುಕೊಂಡೆ.

"ನನ್ನ ಮೊಮ್ಮಗಳದು ಎದಿ ಪಟ್ಟಿ ಬಂತ್ರೀ, ಇಸಿಜಿ!"

ಪಾಪ, ಅವರು ಗಾಬರಿಯಾದರು. "ಏನ್ ಆಗೇತ್ರೀ ಯಜಮಾನ್ರ?"

"ಏನೂ ಆಗಿಲ್ರೀ! ಅದನ್ನ ಹೇಳಾಕ ಬಂದೀನಿ. ಏನೂ ಆಗಿಲ್ಲ!"

ಆ ಮನುಷ್ಯ ನನ್ನ ಮುಖವನ್ನೇ ನೋಡಿ, ಆಮೇಲೆ ತಾವೂ ನಕ್ಕು, ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿದರು. ದವಾಖಾನೆಯ ಬೆಂಚಿನ ಮೇಲೆ ಕೂತವರಿಗೆ ಇಂಥ ಸುದ್ದಿಯ ಬೆಲೆ ಗೊತ್ತಿರುತ್ತದೆ.

ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು. ಮಸ್ಕಿಯಲ್ಲಿ ನಮ್ಮದು ಪಾತ್ರೆ ಅಂಗಡಿ. ನಾನು ಹುಡುಗನಿದ್ದಾಗ ಅಲ್ಲಿ ತಾಮ್ರ ಹಿತ್ತಾಳೆಗೆ ಕಲಾಯಿ ಹಾಕುತ್ತಿದ್ದರು, ನನ್ನ ಕೆಲಸ ಕೆಂಡಕ್ಕೆ ಗಾಳಿ ಊದುವ ತಿದಿ ಒತ್ತುವುದು. ಈಗ ಕಲಾಯಿ ಕೇಳುವವರಿಲ್ಲ, ಸ್ಟೀಲು ಮಾರುತ್ತೇವೆ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ಮನೆಯಲ್ಲಿ ಇರುವುದು ಐದು ಜನ: ನಾನು, ನನ್ನ ಹೆಂಡತಿ, ಮಗ, ಸೊಸೆ, ಅವರ ಮಗಳು. ಈ ಮೊಮ್ಮಗಳು ಲಿಂಗಸೂಗೂರಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಬೆಳಿಗ್ಗೆ ಬಸ್ಸಿಗೆ ಹೋಗುತ್ತಾಳೆ, ಸಂಜೆ ಬಸ್ಸಿಗೆ ಬರುತ್ತಾಳೆ. ನಮ್ಮ ಮನೆತನದಲ್ಲಿ ಸಂಬಳದ ಕೆಲಸ ಹಿಡಿದವರಲ್ಲಿ ಅವಳೇ ಮೊದಲಿಗಳು.

ಹೋದ ವರ್ಷಕ್ಕೂ ಮುಂಚೆ ಅವಳಿಗೆ ದಣಿವು ಶುರುವಾಯಿತು. ಬಸ್ಸಿನ ಪ್ರಯಾಣದ್ದು ಅಂದುಕೊಂಡೆವು. ಎಡಗಡೆ ಪಕ್ಕೆಯ ಕೆಳಗೆ ಏನೋ ಭಾರ ಅಂದಳು, ಗ್ಯಾಸು ಅಂದುಕೊಂಡೆವು. ಸಿಂಧನೂರಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದ ಮೇಲೆ ಗೊತ್ತಾಯಿತು, ರಕ್ತದ ಕ್ಯಾನ್ಸರ್. ಮಗ ಅಂಗಡಿಯ ಬಾಗಿಲು ಹಾಕಿ ಒಳಗೇ ಕೂತುಬಿಟ್ಟ. ಸೊಸೆ ಗೋಡೆಗೆ ತಲೆಯಾನಿಸಿ ಅತ್ತಳು. ನನ್ನ ಹೆಂಡತಿ ಅಳಲಿಲ್ಲ. ಬೆಳಿಗ್ಗೆಯಷ್ಟೇ ತೊಳೆದಿಟ್ಟಿದ್ದ ಪೂಜೆಯ ಸಾಮಾನುಗಳನ್ನು ಮತ್ತೆ ಎಲ್ಲ ತೆಗೆದುಕೊಂಡು ಬಚ್ಚಲಿಗೆ ಹೋಗಿ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಳು. ಆ ತಿಕ್ಕುವ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ.

ರಕ್ತದ ರೋಗಗಳ ಡಾಕ್ಟರಮ್ಮ ದೊಡ್ಡ ಊರಿನಿಂದ ಗೊತ್ತಾದ ದಿನಗಳಲ್ಲಿ ಸಿಂಧನೂರಿಗೆ ಬರುತ್ತಾರೆ. ಅವರೇ ನಮ್ಮನ್ನು ಕೂರಿಸಿ ಧೈರ್ಯ ಹೇಳಿದರು. ಈ ಜಾತಿಯ ಕ್ಯಾನ್ಸರಿಗೆ ಈಗ ಗುಳಿಗೆ ಇದೆ, ದಿನಾ ತೆಗೆದುಕೊಂಡು, ಕೆಲಸಕ್ಕೂ ಹೋಗಿ, ಎಲ್ಲರ ಹಾಗೆ ಬದುಕುವವರು ಬಹಳ ಇದ್ದಾರೆ ಅಂದರು. ಮೊದಲು ಕೊಟ್ಟ ಗುಳಿಗೆ ಒಂದಷ್ಟು ಕಾಲ ಕೆಲಸ ಮಾಡಿ ಸೋತಿತು. ಆಗ ಬೇರೆಯದನ್ನು ಬರೆದುಕೊಟ್ಟರು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕೊಡುವ ಮುಂಚೆ ಎದೆಗೆ ತಂತಿ ಹಚ್ಚಿ ಕಾಗದದ ಪಟ್ಟಿ ತೆಗೆಸಿದರು.

"ಕ್ಯಾನ್ಸರ್ ಇರೋದು ರಕ್ತದಾಗ. ಎದಿ ಯಾಕ್ರೀ ನೋಡ್ತೀರಿ?" ಅಂತ ಕೇಳಿದೆ.

"ಈ ಗುಳಿಗೆ ಕೆಟ್ಟ ಕಣಕ್ಕೆ ಗುರಿಯಿಟ್ಟು ಹೊಡೆಯುತ್ತೆ ಯಜಮಾನರೇ. ಆದರೆ ರಕ್ತದಲ್ಲಿ ಹೋಗೋದು ಎದೆಗೂ ಹೋಗುತ್ತಲ್ಲ. ಹೃದಯ ಒಮ್ಮೆ ಬಡಿದ ಮೇಲೆ ಮುಂದಿನ ಬಡಿತಕ್ಕೆ ಮತ್ತೆ ಸಜ್ಜಾಗಬೇಕು. ಈ ಗುಳಿಗೆ ಕೆಲವರಿಗೆ ಆ ಸಜ್ಜಾಗೋ ಹೊತ್ತನ್ನು ಉದ್ದ ಮಾಡುತ್ತೆ. ಬಹಳ ಉದ್ದ ಆದರೆ ಬಡಿತ ತಾಳ ತಪ್ಪಿ ಜೀವಕ್ಕೇ ಅಪಾಯ."

ನನಗೆ ತಿದಿ ನೆನಪಾಯಿತು. ತಿದಿ ಒಮ್ಮೆ ಒತ್ತಿದ ಮೇಲೆ ಅದು ಗಾಳಿ ತುಂಬಿಕೊಂಡು ಉಬ್ಬುವ ತನಕ ತಡೆಯಬೇಕು. ಉಬ್ಬುವುದರೊಳಗೇ ಒತ್ತಿದರೆ ಚರ್ಮ ಪಟಪಟ ಅನ್ನುತ್ತದೆಯೇ ಹೊರತು ಕೆಂಡಕ್ಕೆ ಗಾಳಿ ಹೋಗುವುದಿಲ್ಲ. ಹಾಗೇನು ಅಂತ ಕೇಳಿದೆ. ಸುಮಾರಾಗಿ ಹಾಗೇ ಅಂದರು. ತಿಳಿದ ಮೇಲೆ ಹೆದರಿಕೆ ಹೆಚ್ಚಾಯಿತು. ಮೊಮ್ಮಗಳು ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ, "ತಾತ, ನಿನ್ನ ಹಳೇ ತಿದಿ ಅಟ್ಟದ ಮ್ಯಾಲ ಐತೇನು? ಬೇಕಾದೀತು, ಸ್ಪೇರ್" ಅಂದಳು.

ಡಾಕ್ಟರಮ್ಮ ಒಂದು ಮಾತನ್ನು ಒತ್ತಿ ಒತ್ತಿ ಹೇಳಿದ್ದರು. ಈ ಗುಳಿಗೆ ಖಾಲಿ ಹೊಟ್ಟೆಗೇ ಹೋಗಬೇಕು. ಎರಡು ತಾಸು ಮುಂಚೆಯಿಂದ ಏನೂ ತಿಂದಿರಬಾರದು, ನುಂಗಿದ ಮೇಲೆ ಒಂದು ತಾಸು ತಿನ್ನಬಾರದು. ಬರೀ ನೀರು. ಹೊಟ್ಟೆಯಲ್ಲಿ ಅನ್ನವಿದ್ದರೆ ಗುಳಿಗೆ ಬೇಕಾದ್ದಕ್ಕಿಂತ ಹೆಚ್ಚು ರಕ್ತಕ್ಕೆ ಏರಿ ಎದೆಯ ಮೇಲೆ ಬೀಳುತ್ತದೆ.

ಇದನ್ನು ಕೇಳಿ ನನ್ನ ಹೆಂಡತಿಗೆ ಸಮಾಧಾನವೇ ಆಯಿತು. ನಮ್ಮದು ಲಿಂಗಪೂಜೆಯ ಮನೆ. ಬೆಳಿಗ್ಗೆ ಜಳಕ ಮಾಡಿ ಪೂಜೆ ಮುಗಿಯುವ ತನಕ ನೀರೂ ಮುಟ್ಟುವುದಿಲ್ಲ. ಸಂಜೆಯೂ ಪೂಜೆಯಾದ ಮೇಲೆಯೇ ಊಟ. "ಖಾಲಿ ಹೊಟ್ಟಿ ನಮಗ ಕಲಿಸಬೇಕೇನ್ರೀ?" ಅಂದಳು. ಅಂದಿನಿಂದ ಮೊಮ್ಮಗಳು ಪೂಜೆ ಮುಗಿಸಿ, ಗುಳಿಗೆ ನುಂಗಿ, ಅಜ್ಜಿಯ ಮುಂದೆ ಕೈಯೊಡ್ಡಿ ಪ್ರಸಾದ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಒಂದು ತಾಸು ಕಾದು ತಿಂಡಿ. ಸಂಜೆಯೂ ಅದೇ ಕ್ರಮ. ಒಂದು ದಿನ ತಪ್ಪಿರಲಿಲ್ಲ.

ಕೆಲವು ತಿಂಗಳಿಗೆ ರಕ್ತದಲ್ಲಿನ ಕೆಟ್ಟ ಕಣ ಇಳಿಮುಖವಾಯಿತು. ಡಾಕ್ಟರಮ್ಮ ಖುಷಿಯಾದರು, ನಾವೂ ಆದೆವು. ಎದೆಯ ಪಟ್ಟಿಯಲ್ಲಿ ಆ ಸಜ್ಜಾಗುವ ಹೊತ್ತು ಮಾತ್ರ ಸ್ವಲ್ಪ ಸ್ವಲ್ಪ ಉದ್ದವಾಗುತ್ತಿತ್ತು. "ಊಟ ಮಾಡಿ ಗುಳಿಗೆ ತಗೋತೀಯಾ?" "ಇಲ್ರೀ." "ತಗೊಂಡ ಕೂಡಲೇ ತಿಂಡಿ, ಚಹಾ?" "ಇಲ್ರೀ, ಒಂದು ತಾಸು ಕಾಯ್ತೀನಿ." ಹೋದಾಗಲೆಲ್ಲ ಡಾಕ್ಟರಮ್ಮನದು ಇದೇ ಪ್ರಶ್ನೆ, ಮೊಮ್ಮಗಳದು ಇದೇ ಉತ್ತರ. ನಾವೂ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆವು.

ಒಂದು ದಿನ ಬೆಳಿಗ್ಗೆ ಲಿಂಗಸೂಗೂರಿನ ಬಸ್ ನಿಲ್ದಾಣದಲ್ಲಿ ಬಸ್ಸಿನಿಂದ ಇಳಿದವಳು ಹಾಗೇ ಕುಸಿದಳು. ಅದೇ ಬಸ್ಸಿನಲ್ಲಿದ್ದ ಅವಳ ಶಾಲೆಯ ಟೀಚರಮ್ಮ ಒಬ್ಬರು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮಗನಿಗೆ ಫೋನ್ ಮಾಡಿದರು. ನಾವು ಹೋಗಿ ಮುಟ್ಟುವುದರೊಳಗೆ ಅವಳಿಗೆ ಎಚ್ಚರವಾಗಿತ್ತು, ಅಲ್ಲಿಯ ದವಾಖಾನೆಯ ಮಂಚದ ಮೇಲೆ ಮಲಗಿಸಿದ್ದರು. ನನ್ನನ್ನು ಕಂಡು, "ಟಿಫಿನ್ ಡಬ್ಬಿ ಬಸ್ನ್ಯಾಗ ಉಳೀತು ತಾತ" ಅಂದಳು. ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಎದೆಯ ಪಟ್ಟಿಯ ಚಿತ್ರ ಫೋನಿನಲ್ಲಿ ಡಾಕ್ಟರಮ್ಮನಿಗೆ ಹೋಯಿತು. ಅವರು ಹೃದಯದ ಡಾಕ್ಟರರನ್ನೂ ಕೇಳಿ, ಕೂಡಲೇ ಗುಳಿಗೆ ನಿಲ್ಲಿಸಿ ಅಂದರು.

ಗುಳಿಗೆಯಿಲ್ಲದ ಆ ದಿನಗಳನ್ನು ಬರೆಯುವುದು ಕಷ್ಟ. ಗುಳಿಗೆ ಕೊಟ್ಟರೆ ಎದೆ, ಬಿಟ್ಟರೆ ರಕ್ತ. ಅವಳು ಮಲಗಿದಾಗ ಹೊದಿಕೆ ಏರಿಳಿಯುತ್ತದೋ ಇಲ್ಲವೋ ಎಂದು ನಾನು ನೋಡುತ್ತಿದ್ದೆ. ಸೊಸೆಯೂ ನೋಡುತ್ತಿದ್ದಳು. ಒಬ್ಬರ ಕಣ್ಣಿಗೆ ಒಬ್ಬರು ಬಿದ್ದರೆ ನೀರು ಕುಡಿಯಲು ಬಂದವರ ಹಾಗೆ ಕೊಡದ ಕಡೆ ಹೋಗುತ್ತಿದ್ದೆವು. ಮಗ ಅಂಗಡಿಯಲ್ಲಿ ಗಿರಾಕಿಗೆ ಒಂದು ಕೇಳಿದರೆ ಇನ್ನೊಂದು ಕೊಡುತ್ತಿದ್ದ. ನನ್ನ ಹೆಂಡತಿ ಪ್ರಸಾದಕ್ಕೆ ತುಪ್ಪ ಹೆಚ್ಚು ಮಾಡಿದಳು. ಅವಳ ತವರು ಗುರುಗುಂಟಾ, ಅಲ್ಲಿಂದ ಎಮ್ಮೆಯ ತುಪ್ಪ ಬರುತ್ತದೆ. ಮಾದಲಿ, ಅಂದರೆ ಗೋಧಿ ರೊಟ್ಟಿ ಪುಡಿ ಮಾಡಿ ಬೆಲ್ಲ, ಕೊಬ್ಬರಿ, ಪುಟಾಣಿ ಕಲಸಿದ್ದು. ಅದರ ಮೇಲೆ ತುಪ್ಪ ಸುರಿದು ಉಂಡೆ ಕಟ್ಟಿ ಮೊಮ್ಮಗಳ ಅಂಗೈಗೆ ಇಡುತ್ತಿದ್ದಳು. ಹುಡುಗಿಗೆ ಶಕ್ತಿ ಬರಲಿ ಅಂತ.

ಮುಂದಿನ ಸಲ ಸಿಂಧನೂರಿಗೆ ಹೋದಾಗ ಪಟ್ಟಿಯಲ್ಲಿ ಆ ಹೊತ್ತು ಮೊದಲಿನಂತೆ ಗಿಡ್ಡವಾಗಿತ್ತು. ನಮಗೆ ಸಂತೋಷ, ಡಾಕ್ಟರಮ್ಮನ ಮುಖದಲ್ಲಿ ಮಾತ್ರ ನಗೆಯಿಲ್ಲ.

"ನಿಲ್ಲಿಸಿದ ಮೇಲೆ ಇಳಿದಿದೆ ಅಂದರೆ ಇದು ಗುಳಿಗೆಯದೇ ಕೆಲಸ. ಮತ್ತೆ ಶುರು ಮಾಡಿದರೆ ಮತ್ತೆ ಹೀಗಾಗುತ್ತಾ ಅನ್ನೋದು ನನ್ನ ಚಿಂತೆ. ಇದನ್ನು ಪೂರ್ತಿ ಬಿಡಿಸಿದರೆ, ಉಳಿದ ಗುಳಿಗೆಗಳಲ್ಲಿ ಒಂದು ಶ್ವಾಸಕೋಶದ ಸುತ್ತ ನೀರು ತುಂಬಿಸಬಹುದು, ಒಂದು ರಕ್ತನಾಳ ಕಟ್ಟಿಸಬಹುದು. ಇವಳಿಗೆ ಹಿಡಿಸಿದ್ದು ಇದು. ಬಿಡೋಕೆ ಮನಸ್ಸಿಲ್ಲ, ಕೊಡೋಕೆ ಧೈರ್ಯ ಇಲ್ಲ."

ಆಗ ನನ್ನ ಹೆಂಡತಿ ಚೀಲದಿಂದ ಸಣ್ಣ ಡಬ್ಬಿ ತೆಗೆದಳು. ಪಟ್ಟಿ ಸರಿ ಬಂದರೆ ಡಾಕ್ಟರಮ್ಮನಿಗೆ ಕೊಡಬೇಕೆಂದು ಬೆಳಿಗ್ಗೆಯೇ ಕಟ್ಟಿಕೊಂಡು ಬಂದಿದ್ದಳು. "ಒಂದೀಟು ಪ್ರಸಾದ ತಗೋರಿ ತಾಯಿ. ನೀವೂ ಮುಂಜಾನಿಂದ ಕುಂತೀರಿ."

ಡಾಕ್ಟರಮ್ಮ ಬೇಡವೆನ್ನಲಿಲ್ಲ. ಎರಡೂ ಕೈಯೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. "ಎಷ್ಟು ಚೆನ್ನಾಗಿದೆ! ತುಪ್ಪ ಮನೇದಾ?"

"ಗುರುಗುಂಟಾದ್ದು ರೀ. ದಿನಾ ಮಾಡ್ತೀನಿ. ಎರಡ ಹೊತ್ತೂ."

"ಇವಳೂ ದಿನಾ ತಿಂತಾಳಾ?"

"ಮತ್ತ! ಪೂಜಿ ಆದಕೂಡ್ಲೆ ಮೊದಲ ಕೈ ಒಡ್ಡಾಕಿನ ಇಕಿ."

ಡಾಕ್ಟರಮ್ಮ ಅಗಿಯುವುದನ್ನು ನಿಲ್ಲಿಸಿದರು. "ಪೂಜೆ ಆದ ಕೂಡಲೇ... ಮತ್ತೆ ಗುಳಿಗೆ?"

"ಅದೂ ಪೂಜಿ ಆದಕೂಡ್ಲೆನ ರೀ. ಗುಳಿಗಿ ನುಂಗಿ ಪ್ರಸಾದ ತಗೋತಾಳ."

"ಅಮ್ಮ, ನಾನು ಎಷ್ಟು ಸಲ ಕೇಳಿದೀನಿ, ಗುಳಿಗೆ ಮೇಲೆ ಏನಾದರೂ ತಿಂತಾಳಾ ಅಂತ?"

ನನ್ನ ಹೆಂಡತಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ತಿಂದಿಲ್ರೀ ತಾಯಿ. ದೇವ್ರಾಣಿ ತಿಂದಿಲ್ಲ. ಇದು ಪ್ರಸಾದ."

ನನಗೂ ಅರ್ಥವಾಗಲಿಲ್ಲ, ಕ್ಷಣ ಹೊತ್ತು. ನಮ್ಮಲ್ಲಿ ಉಪವಾಸ ಹಿಡಿದವರೂ ಪ್ರಸಾದ ತೆಗೆದುಕೊಳ್ಳುತ್ತಾರೆ, ಉಪವಾಸ ಮುರಿಯುವುದಿಲ್ಲ. ಪ್ರಸಾದ ತಿಂದೆ ಅಂತ ನಮ್ಮ ಮನೆಯಲ್ಲಿ ಯಾರೂ ಅನ್ನುವುದಿಲ್ಲ, ತೆಗೆದುಕೊಂಡೆ ಅನ್ನುತ್ತೇವೆ. ಅದು ಹಸಿವೆಗೆ ಅಲ್ಲ. ಅದನ್ನು ಊಟದ ಸಾಲಿಗೆ ಸೇರಿಸುವುದು ಯಾರ ಕನಸಿನಲ್ಲೂ ಬಂದಿರಲಿಲ್ಲ. ಬಿ.ಇಡಿ. ಓದಿದ ಮೊಮ್ಮಗಳಿಗೂ ಬಂದಿರಲಿಲ್ಲ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡು, "ಅಯ್ಯ! ಎಲ್ಲಾ ಲೆಕ್ಕ ಹಿಡಿದೆ, ಇದನ್ನೊಂದು ಹಿಡೀಲಿಲ್ಲಲ್ಲ!" ಅಂದಳು.

ಡಾಕ್ಟರಮ್ಮ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ನನ್ನ ಹೆಂಡತಿಯ ಕೈಯನ್ನು ಮೇಜಿನ ಮೇಲೆ ಹಿಡಿದುಕೊಂಡರು. "ಇದು ಪ್ರಸಾದ ಅಂತ ನಿಮ್ಮ ದೇವರಿಗೆ ಗೊತ್ತು ಅಮ್ಮ. ಹೊಟ್ಟೆಗೆ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ತುಪ್ಪ. ಈ ಗುಳಿಗೆಗೆ ತುಪ್ಪ, ಎಣ್ಣೆ ಸೇರಿದರೆ ಇನ್ನೂ ಜೋರಾಗಿ ರಕ್ತಕ್ಕೆ ಏರುತ್ತೆ." ಇದೊಂದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ, ರಕ್ತದಲ್ಲಿನ ಲವಣಗಳನ್ನೂ ನೋಡುತ್ತೇನೆ ಅಂದರು. ಆದರೆ ಅವರ ಮುಖ ಹಗುರಾಗಿತ್ತು. ಮತ್ತೆ ಶುರು ಮಾಡೋಣ, ಆಗಾಗ ಪಟ್ಟಿ ತೆಗೆಯೋಣ, ತಲೆ ಸುತ್ತಿದರೆ ಎದೆ ಹಾರಿದರೆ ಆ ಗಳಿಗೆಗೇ ಬರಬೇಕು, ಕೆಮ್ಮು ನೆಗಡಿಗೂ ನನ್ನನ್ನು ಕೇಳದೆ ಅಂಗಡಿಯ ಔಷಧಿ ತೆಗೆದುಕೊಳ್ಳಬಾರದು ಅಂದರು.

ಊರಿನ ಬಸ್ಸು ಹತ್ತಿದೆವು. ಕಾಲುವೆಯ ನೀರಿನ ಭತ್ತದ ಗದ್ದೆ ಮುಗಿದು ಒಣ ಹೊಲ ಶುರುವಾದವು, ಮಸ್ಕಿಯ ಗುಡ್ಡ ಕಂಡಿತು, ನನ್ನ ಹೆಂಡತಿ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಿದ್ದಳು. ಮನೆಗೆ ಬಂದ ಮೇಲೆ ಮಗ, "ಆತಲ್ಲ, ಇನ್ನ ಮ್ಯಾಲ ಆಕಿಗೆ ಪ್ರಸಾದ ಬಂದ್ ಮಾಡಿಬಿಡು" ಅಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಹೆದರಿಕೆ ಇತ್ತು. ನನ್ನ ಹೆಂಡತಿ ಸಿಡಿದಳು.

"ಬಂದ್ ಮಾಡಾಕ ಅದೇನು ಅಂಗಡಿ ಏನೋ? ಕೈ ಒಡ್ಡಿದ ಕೂಸಿಗೆ ಹೋಗಂತ ಅನ್ನಲಾ? ನಾವೆಲ್ಲಾ ತಗೊಂತ ಕುಂದ್ರೂದು, ಆಕಿ ನೋಡಿಕೋತ ಕುಂದ್ರೂದು, ಅಲ್ಲಾ?"

"ಅಜ್ಜಿ, ನಾ ಆಮ್ಯಾಲ ತಗೋತೀನಿ ಬಿಡ" ಅಂದಳು ಮೊಮ್ಮಗಳು.

"ನೀ ಸುಮ್ಕಿರ."

ಮರುದಿನ ಬೆಳಿಗ್ಗೆ ನಾವೆಲ್ಲ ಪೂಜೆಗೆ ಕೂತೆವು. ಪೂಜೆಯಾಯಿತು. ಮೊಮ್ಮಗಳು ಗುಳಿಗೆ ನುಂಗಿದಳು. ನಾವು ಉಳಿದವರು ರೂಢಿಯಂತೆ ಕೈಯೊಡ್ಡಿದೆವು. ನನ್ನ ಹೆಂಡತಿ ಪ್ರಸಾದದ ಬಟ್ಟಲಿನ ಮೇಲೆ ತಾಟು ಮುಚ್ಚಿ, ಅದರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

"ಒಂದು ತಾಸು ಯಾರಿಗೂ ಇಲ್ಲ" ಅಂದಳು. "ಹುಡುಗಿ ಒಬ್ಬಾಕಿನ ಯಾಕ ಕಾಯಬೇಕು? ನಾವೂ ಕಾಯೂಣು. ಆ ದೇವರೂ ಕಾಯ್ತಾನ. ಅವನಿಗೇನು ಬಸ್ ತಪ್ತೈತೇನು?"

"ಯವ್ವ, ಚಹಾ ಆದ್ರೂ?" ಅಂದ ಮಗ.

"ಪ್ರಸಾದಕ್ಕಿಂತ ಮೊದಲ ಎಂದಾದ್ರೂ ಚಹಾ ಕುಡಿದಿ ಏನು?"

"ಚಹಾ ಇಲ್ಲದ ನಾ ಅಂಗಡಿ ಬಾಗಿಲ ಹ್ಯಾಂಗ ತೆಗೀಲಿ?"

"ಕೀಲಿ ಹಾಕಿ ತೆಗಿ."

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಮ್ಮ ಮನೆಯಲ್ಲಿ ನಗೆ ಕೇಳಿ ಬಹಳ ದಿನವಾಗಿತ್ತು. ಮೊಮ್ಮಗಳು ಮಾತ್ರ ಅಜ್ಜಿಯ ಕಡೆ ನೋಡುತ್ತಿದ್ದಳು, ಕಣ್ಣು ತುಂಬಿದ್ದವು. ಒಂದು ತಾಸು ಕಾದು, ಐದೂ ಜನ ಒಟ್ಟಿಗೆ ಕೈಯೊಡ್ಡಿದೆವು.

ಹೀಗೆ ಎರಡು ಹೊತ್ತೂ ನಮ್ಮ ಮನೆಯಲ್ಲಿ ಒಂದು ಖಾಲಿ ತಾಸು ಹುಟ್ಟಿಕೊಂಡಿತು. ಅದಕ್ಕಾಗಿ ಎಲ್ಲರೂ ಮುಂಚೆ ಏಳತೊಡಗಿದೆವು. ಮೊದಮೊದಲು ಆ ತಾಸು ಬೆಟ್ಟದಷ್ಟು ದೊಡ್ಡದು. ಗುಳಿಗೆ ಒಳಗೆ ಹೋಗಿ ಏನು ಮಾಡುತ್ತಿದೆಯೋ ಎಂದು ಅವಳ ಮುಖವನ್ನೇ ಕಾಯುತ್ತಿದ್ದೆವು. ಅವಳು ಕೆಮ್ಮಿದರೆ ನಾಲ್ಕು ತಲೆ ತಿರುಗುತ್ತಿದ್ದವು. "ಹಿಂಗ ನೋಡಬ್ಯಾಡ್ರೀ, ಇದ್ದ ಎದಿನೂ ನಿಂತೀತು" ಅಂತ ಬೈದಳು. ಆಮೇಲೆ ಮಾತು ಶುರುವಾದವು. ನನ್ನ ಮಗ ತನ್ನ ಮಗಳ ಜೊತೆ ಹೀಗೆ ಕೂತು ಮಾತಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಅವಳು ಶಾಲೆಯ ಮಕ್ಕಳ ಚೇಷ್ಟೆ ಹೇಳುತ್ತಿದ್ದಳು, ಅವನು ಗಿರಾಕಿಗಳ ಚೌಕಾಸಿ ಹೇಳುತ್ತಿದ್ದ. ಹೆದರಿಕೆ ಹೋಗಿರಲಿಲ್ಲ. ಅದು ನಮ್ಮ ನಡುವೆ ಆರನೆಯದಾಗಿ ಕೂತೇ ಇತ್ತು. ಒಂದು ಪಟ್ಟಿ ಸರಿ ಬಂತು, ಇನ್ನೊಂದು ಸರಿ ಬಂತು, ಆದರೂ ಡಾಕ್ಟರಮ್ಮ "ನೋಡೋಣ" ಅನ್ನುತ್ತಿದ್ದರು. ಎದೆ ಮತ್ತು ರಕ್ತ ಎರಡೂ ಒಟ್ಟಿಗೆ ಹಿಡಿತಕ್ಕೆ ಬರಬೇಕು, ಆಗ ಹೇಳುತ್ತೇನೆ ಅನ್ನುತ್ತಿದ್ದರು.

ನಿನ್ನೆ ಎರಡೂ ಒಟ್ಟಿಗೆ ಹಿಡಿತಕ್ಕೆ ಬಂದವು. ಪಟ್ಟಿ ಕೈಯಲ್ಲಿ ಹಿಡಿದು, ರಕ್ತದ ವರದಿ ಪಕ್ಕದಲ್ಲಿಟ್ಟು, ಡಾಕ್ಟರಮ್ಮ ಮೊದಲ ಸಲ "ನೋಡೋಣ" ಅನ್ನಲಿಲ್ಲ. ರೋಗ ಪೂರ್ತಿ ಹೋಯಿತೆಂದು ಅವರು ಹೇಳಿಲ್ಲ, ನಾನೂ ಹೇಳುವುದಿಲ್ಲ. ಗುಳಿಗೆ ದಿನಾ ಬೇಕು, ಎದೆಯ ಪರೀಕ್ಷೆ ಆಗಾಗ ಬೇಕು. ಆದರೆ ನನ್ನ ಮೊಮ್ಮಗಳಿಗೆ ಹಿಡಿಸಿದ ಗುಳಿಗೆ ಅವಳ ಕೈ ತಪ್ಪಲಿಲ್ಲ. ಅಷ್ಟು ಸಾಕು. ಅಷ್ಟು ಬಹಳವಾಯಿತು.

ಮನೆಗೆ ಬಂದು ಹೇಳಿದಾಗ ಸೊಸೆ ಒಲೆಯ ಮುಂದೆಯೇ ಕೂತುಬಿಟ್ಟಳು. ನನ್ನ ಹೆಂಡತಿ ಮೊಮ್ಮಗಳ ಎದೆಗೆ ಕಿವಿ ಹಚ್ಚಿ ಬಹಳ ಹೊತ್ತು ಕೇಳಿದಳು. "ಏನ ಕೇಳ್ತೈತಿ ಅಜ್ಜಿ?" ಎಂದರೆ, "ಸುಮ್ಕಿರ, ನಡುವ ಮಾತಾಡಬ್ಯಾಡ" ಅಂದಳು.

ಸಂಜೆ ಪೂಜೆಯಾಯಿತು, ಗುಳಿಗೆಯಾಯಿತು, ತಾಸು ಕಳೆಯಿತು, ಪ್ರಸಾದವಾಯಿತು. ನಮ್ಮಲ್ಲಿ ಗಂಡಸರಿಗೆ ಬಡಿಸಿ ಆಮೇಲೆ ಹೆಂಗಸರು ಉಣ್ಣುವುದು ರೂಢಿ. ನಿನ್ನೆ ಮೊಮ್ಮಗಳು ಐದು ತಾಟು ಒಮ್ಮೆಲೇ ಹಾಕಿದಳು. "ಬಡಸೋರು ಯಾರು?" ಅಂದಳು ನನ್ನ ಹೆಂಡತಿ. "ಎಲ್ಲಾರಿಗೂ ಕೈ ಅದಾವಲ್ಲ ಅಜ್ಜಿ. ಒಂದು ತಾಸು ಎಲ್ಲಾರೂ ಕೂಡಿ ಕಾದೀವಿ. ಉಣ್ಣೂದೂ ಕೂಡೇ ಉಣ್ಣೂಣು." ಆಕೆ ಗೊಣಗುತ್ತ ಕೂತಳು. ಸೊಸೆ ನಾಚುತ್ತ ಅತ್ತೆಯ ಪಕ್ಕ ಕೂತಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರು ನಡುವೆ ಇದ್ದವು. ಮಗ ತಾನೇ ರೊಟ್ಟಿ ಮುರಿದು ಮಗಳ ತಾಟಿಗೆ ಹಾಕಿದ, ಆಮೇಲೆ ತನ್ನ ತಾಯಿಯ ತಾಟಿಗೆ. ನಾನು ತುತ್ತು ಕೈಯಲ್ಲಿ ಹಿಡಿದು ಎಲ್ಲರನ್ನೂ ನೋಡುತ್ತ ಕೂತಿದ್ದೆ.

"ಉಣ್ಣು ತಾತ" ಅಂದಳು ಮೊಮ್ಮಗಳು, "ರೊಟ್ಟಿ ಆರತೈತಿ."

ಉಂಡೆ.